ಹಿಮ ಒಡೆಯುವ ಹಡಗು ಕಟ್ಟುವುದನ್ನು ಅಮೆರಿಕ ಮರೆತದ್ದು ಹೇಗೆ?

2025ರ ಆಗಸ್ಟ್ 10ರಂದು ಅಲಾಸ್ಕದ ಜೂನೋ ಊರಿನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಒಂದು ಹಡಗನ್ನು ಸೇವೆಗೆ ಸೇರಿಸಿಕೊಂಡಿತು. ಹೆಸರು ಸ್ಟೋರಿಸ್. ಸಮುದ್ರದ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆ ಒಡೆದು ದಾರಿ ಮಾಡುವ ಹಡಗು ಅದು, ಅಂದರೆ ಐಸ್‌ಬ್ರೇಕರ್. ಮೈಗೆ ಬಳಿದ ಕೆಂಪು ಬಣ್ಣ ಹೊಸದು, ಹಡಗು ಮಾತ್ರ ಹೊಸದಲ್ಲ. ಎಣ್ಣೆ ಬಾವಿ ತೋಡುವವರ ಕೆಲಸಕ್ಕೆ ಅಂತ 2012ರಲ್ಲಿ ಕಟ್ಟಿದ್ದು. ಆಗ ಅದರ ಹೆಸರು ಐವಿಕ್. ಅದನ್ನು ಅಮೆರಿಕ ಸರ್ಕಾರ 12.5 ಕೋಟಿ ಡಾಲರ್ ಕೊಟ್ಟು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿತು.

ಈ ಹಡಗಿಗೆ ಇಟ್ಟ ಹೆಸರು ಇನ್ನೂ ಹಳೆಯದು. ಮೊದಲ ಸ್ಟೋರಿಸ್ ನೀರಿಗಿಳಿದದ್ದು ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ. ಗ್ರೀನ್‌ಲ್ಯಾಂಡ್ ಕಾಯುವ ಕೆಲಸದಿಂದ ಶುರುವಾದ ಅದರ ಸೇವೆ 2007ರ ತನಕ ನಡೆಯಿತು. ಅರವತ್ತು ವರ್ಷಕ್ಕೂ ಜಾಸ್ತಿ! ಡೇನಿಶ್ ಭಾಷೆಯಲ್ಲಿ ಸ್ಟೋರಿಸ್ ಅಂದರೆ ದೊಡ್ಡ ಮಂಜುಗಡ್ಡೆ ಎಂದೇ ಅರ್ಥ.

ಯುದ್ಧದ ಗಡಿಬಿಡಿಯಲ್ಲೂ ಇಂಥ ಹಡಗುಗಳನ್ನು ಸ್ವಂತ ಕೈಯಲ್ಲಿ ಸಾಲುಸಾಲಾಗಿ ಕಟ್ಟಿದ ದೇಶ, ಎಂಬತ್ತು ವರ್ಷ ಕಳೆದ ಮೇಲೆ ಬೇರೆ ಕೆಲಸಕ್ಕೆ ಕಟ್ಟಿದ ಹಡಗನ್ನು ಯಾಕೆ ಕೊಳ್ಳಬೇಕಾಯಿತು? ಕೆಲವರು ದುಡ್ಡು ಸಾಲಲಿಲ್ಲ ಅನ್ನುತ್ತಾರೆ, ಕೆಲವರು ರಾಜಕೀಯ ಅನ್ನುತ್ತಾರೆ. ನನಗೆ ಕಾಣುವ ಮುಖ್ಯ ಕಾರಣ ಬೇರೆ. ಐಸ್‌ಬ್ರೇಕರ್ ಕಟ್ಟುವುದು ಪಳಗಿದ ಕೈಗಳ ಕೆಲಸ. ಆ ಕೈಗಳಿಗೆ ಕೆಲಸ ಕೊಡುತ್ತಾ ಇರದಿದ್ದರೆ ವಿದ್ಯೆಯೇ ಹೊರಟುಹೋಗುತ್ತದೆ. ಇದು ಅರ್ಥವಾಗಬೇಕಾದರೆ ಯುದ್ಧಕಾಲದ ವಿಂಡ್ ವರ್ಗದ ಹಡಗುಗಳನ್ನು ಹತ್ತಿರದಿಂದ ನೋಡಬೇಕು. ಈಸ್ಟ್‌ವಿಂಡ್, ನಾರ್ತ್‌ವಿಂಡ್, ಸೌತ್‌ವಿಂಡ್, ವೆಸ್ಟ್‌ವಿಂಡ್ ಎಂದು ದಿಕ್ಕಿನ ಗಾಳಿಗಳ ಹೆಸರಿಟ್ಟುಕೊಂಡ ಹಡಗುಗಳು ಅವು.

ಹವಾಮಾನಕ್ಕಾಗಿ ನಡೆದ ಯುದ್ಧ

1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕನ್ನು ವಶಪಡಿಸಿಕೊಂಡಿತು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿಗೆ ಸೇರಿದ್ದು. ಸರಿಯಾಗಿ ಒಂದು ವರ್ಷಕ್ಕೆ, ವಾಷಿಂಗ್ಟನ್ನಿನಲ್ಲಿದ್ದ ಡೆನ್ಮಾರ್ಕಿನ ರಾಯಭಾರಿ ಹೆನ್ರಿಕ್ ಕೌಫ್‌ಮನ್ ತಮ್ಮ ಸರ್ಕಾರವನ್ನು ಕೇಳದೆಯೇ ಅಮೆರಿಕದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಗ್ರೀನ್‌ಲ್ಯಾಂಡಿನ ರಕ್ಷಣೆ ಅಮೆರಿಕದ ಹೆಗಲಿಗೆ ಬಿತ್ತು. ಕಡಲ ಕಡೆಯ ಕಾವಲು ಕೋಸ್ಟ್ ಗಾರ್ಡ್‌ಗೆ ಬಂತು.

ಅಲ್ಲಿ ಕಾಯುವಂಥದ್ದು ಏನಿತ್ತು? ದಕ್ಷಿಣದ ಇವಿಟ್ಟೂಟ್‌ನಲ್ಲಿ ಕ್ರಯೊಲೈಟ್ ಗಣಿ ಇತ್ತು. ಅಲ್ಯೂಮಿನಿಯಂ ತಯಾರಿಸಲು ಕ್ರಯೊಲೈಟ್ ಬೇಕು, ವಿಮಾನ ಕಟ್ಟಲು ಅಲ್ಯೂಮಿನಿಯಂ ಬೇಕು. ಅದಕ್ಕಿಂತಲೂ ದೊಡ್ಡ ವಿಷಯ ಹವಾಮಾನ. ಯುರೋಪಿನ ಮಳೆ, ಮೋಡ, ಬಿರುಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ. ಇವತ್ತು ಗ್ರೀನ್‌ಲ್ಯಾಂಡಿನ ಮೇಲಿರುವ ಗಾಳಿಯ ಒತ್ತಡ ಗೊತ್ತಿದ್ದರೆ ಕೆಲವು ದಿನಗಳ ನಂತರ ಇಂಗ್ಲಿಷ್ ಕಾಲುವೆಯಲ್ಲಿ ಅಲೆ ಹೇಗಿರುತ್ತದೆ ಎಂದು ಅಂದಾಜು ಮಾಡಬಹುದು. ನಮ್ಮ ಮುಂಗಾರು ಎಲ್ಲಿಗೆ ಬಂತು ಅಂತ ಮೊದಲು ಕೇರಳದ ಕಡೆ ನೋಡುತ್ತೇವಲ್ಲ, ಹಾಗೆ. ಬಾಂಬರ್ ವಿಮಾನ ಹಾರಿಸಬೇಕೋ ಬೇಡವೋ, ದಂಡು ಇಳಿಸಬೇಕೋ ಬೇಡವೋ, ಎಲ್ಲಕ್ಕೂ ಈ ಮಾಹಿತಿ ಬೇಕು. 1944ರ ಜೂನ್ 5ಕ್ಕೆ ನಿಗದಿಯಾಗಿದ್ದ ನಾರ್ಮಂಡಿ ದಾಳಿ 6ಕ್ಕೆ ಹೋದದ್ದು ಹವಾಮಾನದ ಲೆಕ್ಕದಿಂದಲೇ.

ಜರ್ಮನಿಗೂ ಈ ಮಾಹಿತಿ ಬೇಕಿತ್ತು. ಅದಕ್ಕೆ ಅವರು ಗ್ರೀನ್‌ಲ್ಯಾಂಡಿನ ಪೂರ್ವ ತೀರಕ್ಕೆ ಕದ್ದುಮುಚ್ಚಿ ಸಣ್ಣ ಸಣ್ಣ ತಂಡಗಳನ್ನು ಕಳಿಸುತ್ತಿದ್ದರು. ಒಂದು ಗುಡಿಸಲು, ಒಂದು ರೇಡಿಯೋ, ಗಾಳಿ ಅಳೆಯುವ ಬಲೂನು, ಒಂದು ಚಳಿಗಾಲಕ್ಕೆ ಸಾಕಾಗುವಷ್ಟು ದಿನಸಿ. ವರ್ಷದ ಬಹುಪಾಲು ಆ ತೀರದ ಸುತ್ತ ತೇಲುವ ಮಂಜುಗಡ್ಡೆಯ ಕೋಟೆ ಇರುತ್ತದೆ. ಮಾಮೂಲಿ ಯುದ್ಧನೌಕೆ ಅದರೊಳಗೆ ನುಗ್ಗಿದರೆ ವಾಪಸ್ ಬರುವ ಖಾತ್ರಿ ಇಲ್ಲ. ನಾಯಿಗಳು ಎಳೆಯುವ ಗಾಡಿಯಲ್ಲಿ ತಿರುಗುತ್ತಿದ್ದ ಬೆರಳೆಣಿಕೆಯ ಡೇನಿಶ್ ಮತ್ತು ಗ್ರೀನ್‌ಲ್ಯಾಂಡ್ ಬೇಟೆಗಾರರೇ ನೆಲದ ಮೇಲಿನ ಕಾವಲುಗಾರರು. ಸಮುದ್ರದ ಕಡೆ ನಾರ್ತ್‌ಲ್ಯಾಂಡ್ ಎಂಬ ಹಳೆಯ ಕಟರ್, ಅಂದರೆ ಕೋಸ್ಟ್ ಗಾರ್ಡ್ ಹಡಗು ಇತ್ತು. 1927ರಲ್ಲಿ ಕಟ್ಟಿದ್ದು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮೊದಲೇ, 1941ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಗೆ ಕೆಲಸ ಮಾಡುತ್ತಿದ್ದ ಬುಸ್ಕೊ ಎಂಬ ನಾರ್ವೆಯ ಹಡಗನ್ನು ಅದು ಹಿಡಿದಿತ್ತು. ಗಟ್ಟಿಮುಟ್ಟಾದ ಹಡಗೇ, ಆದರೆ ನಿಜವಾದ ಐಸ್‌ಬ್ರೇಕರ್ ಅಲ್ಲ. ದಪ್ಪ ಮಂಜುಗಡ್ಡೆ ಎದುರಾದರೆ ಅದೂ ನಿಲ್ಲಲೇಬೇಕು.

ಹಪ್ಪಳ, ಹುಣಸೆ ಬೀಜ, ಕೆಸರಿನ ಗೂಟ

ಅಮೆರಿಕದಲ್ಲಿ ಐಸ್‌ಬ್ರೇಕರ್ ವಿದ್ಯೆ ಆಗ ಹೆಚ್ಚು ಇರಲಿಲ್ಲ. ಬಂದರುಗಳ ಮಂಜುಗಡ್ಡೆ ಒಡೆಯುವ ಕೆಲಸಕ್ಕೆ ಕೋಸ್ಟ್ ಗಾರ್ಡ್ ನೆರವಾಗಬೇಕು ಎಂದು ಅಧ್ಯಕ್ಷ ರೂಸ್‌ವೆಲ್ಟ್ ಆದೇಶ ಹೊರಡಿಸಿದ್ದೇ 1936ರ ಡಿಸೆಂಬರ್‌ನಲ್ಲಿ. ಆ ಸಮಯದಲ್ಲಿ ಎಡ್ವರ್ಡ್ ಥೀಲೆ ಎಂಬ ಕೋಸ್ಟ್ ಗಾರ್ಡ್ ಎಂಜಿನಿಯರ್ ಯುರೋಪಿನ ಹಡಗುಗಳ ಬಗ್ಗೆ ಮಾಹಿತಿ ಕಲೆಹಾಕಿದರು. ಸ್ವೀಡನ್ನಿನ ಈಮರ್ ಅವರ ಕಣ್ಣಿಗೆ ಬಿತ್ತು. ಡೀಸೆಲ್ ಎಂಜಿನ್‌ನಿಂದ ಕರೆಂಟ್ ತಯಾರಿಸಿ, ಆ ಕರೆಂಟಿನಿಂದ ಪ್ರೊಪೆಲ್ಲರ್ ತಿರುಗಿಸುವ ಹೊಸ ಬಗೆಯ ಐಸ್‌ಬ್ರೇಕರ್ ಅದು. ಸೋವಿಯತ್ ಹಡಗು ಕ್ರಾಸಿನ್‌ನಿಂದಲೂ ಪಾಠ ಕಲಿತರು. ಹಾರ್ವಿ ಜಾನ್ಸನ್ ಮುಖ್ಯ ಎಂಜಿನಿಯರ್ ಆಗಿದ್ದ ಕಾಲದಲ್ಲಿ, ನ್ಯೂಯಾರ್ಕಿನ ಗಿಬ್ಸ್ ಅಂಡ್ ಕಾಕ್ಸ್ ಸಂಸ್ಥೆಯ ಜೊತೆ ಕೂತು ಇದೆಲ್ಲವನ್ನೂ ಒಂದು ನಕ್ಷೆಗೆ ತಂದರು. ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಂದ ಕಲಿಯಲು ಅವರು ಹಿಂದೆಮುಂದೆ ನೋಡಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐಸ್‌ಬ್ರೇಕರ್ ಅಂದ ಕೂಡಲೇ ಚೂಪಾದ ಮೂತಿಯಿಂದ ಮಂಜುಗಡ್ಡೆಯನ್ನು ಸೀಳುವ ಹಡಗು ಅಂತ ಅನಿಸುತ್ತದೆ. ಹಾಗಲ್ಲ. ಒಂದು ಹಪ್ಪಳ ತೆಗೆದುಕೊಳ್ಳಿ. ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಪಕ್ಕದಿಂದ ತಳ್ಳಿದರೆ ಜರುಗುತ್ತದೆಯೇ ಹೊರತು ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಅದರ ಅಂಚನ್ನು ಮೇಜಿನಿಂದ ಸ್ವಲ್ಪ ಆಚೆ ಚಾಚಿಸಿ, ಮೇಲಿನಿಂದ ಬೆರಳಿನಲ್ಲಿ ಒತ್ತಿ. ಪಟ್ ಅಂತ ಮುರಿಯುತ್ತದೆ. ಮಂಜುಗಡ್ಡೆಯ ಸ್ವಭಾವವೂ ಇದೇ. ಪಕ್ಕದಿಂದ ಒತ್ತಿದರೆ ಗಟ್ಟಿ, ಬಗ್ಗಿಸಿದರೆ ದುರ್ಬಲ. ಅದಕ್ಕೇ ಐಸ್‌ಬ್ರೇಕರ್‌ನ ಮೂತಿ ಕೆಳಗಿನಿಂದ ಇಳಿಜಾರಾಗಿ ಇರುತ್ತದೆ. ಹಡಗು ಮುಂದಕ್ಕೆ ಹೋದಂತೆ ಮೂತಿ ಮಂಜುಗಡ್ಡೆಯ ಮೇಲೆ ಹತ್ತುತ್ತದೆ, ಹಡಗಿನ ಭಾರಕ್ಕೆ ಮಂಜುಗಡ್ಡೆ ಬಗ್ಗಿ ಮುರಿಯುತ್ತದೆ. ಒಂದೇ ಏಟಿಗೆ ಆಗದಿದ್ದರೆ ಹಿಂದೆ ಸರಿದು, ಓಡಿ ಬಂದು, ಮತ್ತೆ ಹತ್ತುವುದು. ಆರ್ಕ್ಟಿಕ್‌ನಲ್ಲಿ ಇದು ದಿನಗಟ್ಟಲೆ ನಡೆಯುವ ಕೆಲಸ.

ವಿಂಡ್ ಹಡಗುಗಳು 269 ಅಡಿ ಉದ್ದ, 63 ಅಡಿ ಅಗಲ, ಸುಮಾರು 6,500 ಟನ್ ತೂಕ. ಉದ್ದಕ್ಕೆ ಹೋಲಿಸಿದರೆ ಅಗಲ ಜಾಸ್ತಿ. ಹೊಟ್ಟೆ ಗುಂಡಗೆ. ಪಕ್ಕಗಳಲ್ಲಿ ನೇರವಾದ ಗೋಡೆ ಅನ್ನುವುದೇ ಇಲ್ಲ. ಇದಕ್ಕೂ ಕಾರಣವಿದೆ. ಸಮುದ್ರದ ಮಂಜುಗಡ್ಡೆ ಸುಮ್ನೆ ನಿಂತಿರುವುದಿಲ್ಲ. ಗಾಳಿ, ಪ್ರವಾಹ ಅದನ್ನು ತಳ್ಳುತ್ತಲೇ ಇರುತ್ತವೆ. ನಡುವೆ ಸಿಕ್ಕಿಬಿದ್ದ ಹಡಗನ್ನು ಎರಡೂ ಕಡೆಯಿಂದ ಹಿಂಡಿ ನುಚ್ಚುನೂರು ಮಾಡುತ್ತದೆ. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ, ಮೇಲಕ್ಕೆ ಚಿಮ್ಮುತ್ತದೆ. ಗುಂಡು ಹೊಟ್ಟೆಯ ಹಡಗೂ ಹಾಗೆಯೇ ಒತ್ತಡಕ್ಕೆ ಮೇಲೇಳುತ್ತದೆ, ಒಡೆಯುವುದಿಲ್ಲ. ನಾರ್ವೆಯ ನಾನ್ಸೆನ್ 1890ರ ದಶಕದಲ್ಲಿ ಫ್ರಾಮ್ ಹಡಗಿನಲ್ಲಿ ತೋರಿಸಿಕೊಟ್ಟ ಉಪಾಯ ಇದು.

ಈ ಉಪಾಯಕ್ಕೆ ಬೆಲೆಯೂ ಇದೆ. ಗುಂಡು ತಳದ ಹಡಗು ತೆರೆದ ಸಮುದ್ರದಲ್ಲಿ ಹರಿಗೋಲಿನ ಹಾಗೆ ಹೊಯ್ದಾಡುತ್ತದೆ. ಹೊಯ್ದಾಟ ತಡೆಯಲು ಬೇರೆ ಹಡಗುಗಳ ತಳದ ಎರಡೂ ಬದಿಗೆ ರೆಕ್ಕೆಯಂಥ ಪಟ್ಟಿ ಹಾಕುತ್ತಾರೆ. ಇಲ್ಲಿ ಅದನ್ನು ಹಾಕುವ ಹಾಗಿಲ್ಲ, ಮಂಜುಗಡ್ಡೆ ಕಿತ್ತುಹಾಕುತ್ತದೆ. ಮಂಜುಗಡ್ಡೆಯ ಸೀಮೆ ತಲುಪುವ ತನಕ ಸಿಬ್ಬಂದಿಗೆ ನಿದ್ದೆಯೂ ಕಷ್ಟ, ಊಟವೂ ಕಷ್ಟ. ಒಳಗೆ ಹೋದ ಮೇಲೇ ಹಡಗು ನೆಮ್ಮದಿಯಾಗಿ ನಿಲ್ಲುವುದು.

ಮಂಜುಗಡ್ಡೆಗೆ ಹಡಗು ಅಂಟಿಕೊಂಡುಬಿಟ್ಟರೆ? ಕೆಸರಿನಲ್ಲಿ ಹೂತ ಗೂಟವನ್ನು ನಾವು ನೇರ ಎಳೆಯುವುದಿಲ್ಲ. ಆ ಕಡೆ ಈ ಕಡೆ ಅಲ್ಲಾಡಿಸಿ ಸಡಿಲ ಮಾಡುತ್ತೇವೆ. ವಿಂಡ್ ಹಡಗುಗಳ ಎರಡೂ ಬದಿಗೆ ದೊಡ್ಡ ನೀರಿನ ಟ್ಯಾಂಕುಗಳಿದ್ದವು. 220 ಟನ್ ನೀರನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೂವರೆ ನಿಮಿಷದಲ್ಲಿ ಪಂಪ್ ಮಾಡಿ, ಇಡೀ ಹಡಗನ್ನೇ ಬೇಕಂತಲೇ ವಾಲಿಸುತ್ತಿದ್ದರು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ನಿಧಾನಕ್ಕೆ ಹಿಡಿತ ಬಿಡುತ್ತಿತ್ತು.

ಡೀಸೆಲ್ ಎಲೆಕ್ಟ್ರಿಕ್ ವ್ಯವಸ್ಥೆ ಬಗ್ಗೆಯೂ ಎರಡು ಮಾತು. ಒಳಗೆ ಆರು ಫೇರ್‌ಬ್ಯಾಂಕ್ಸ್ ಮೋರ್ಸ್ ಎಂಜಿನ್‌ಗಳು, ಒಂದೊಂದೂ 2,000 ಅಶ್ವಶಕ್ತಿಯದು. ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಜಾತಿಯದೇ ಎಂಜಿನ್. ಇವು ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸುವುದಿಲ್ಲ, ಜನರೇಟರ್ ತಿರುಗಿಸುತ್ತವೆ. ಆ ಕರೆಂಟು ಮೋಟರಿಗೆ, ಮೋಟರು ಪ್ರೊಪೆಲ್ಲರಿಗೆ. ಇಷ್ಟು ಸುತ್ತು ಯಾಕೆ ಅಂದರೆ, ಪ್ರೊಪೆಲ್ಲರಿಗೆ ಮಂಜುಗಡ್ಡೆಯ ತುಂಡು ಸಿಕ್ಕಿ ಅದು ಗಕ್ಕನೆ ನಿಂತರೂ ಆ ಏಟು ಎಂಜಿನ್ನಿಗೆ ಹೋಗುವುದಿಲ್ಲ. ಮುಂದೆ ಹಿಂದೆ ಮಾಡುವುದೂ ಬಲು ಬೇಗ. ದಿನಕ್ಕೆ ನೂರು ಸಲ ಹಿಂದೆ ಸರಿದು ಮುಂದೆ ನುಗ್ಗುವ ಹಡಗಿಗೆ ಇದೇ ಜೀವಾಳ.

ಇನ್ನು ಮೈ. ಒಂದೂವರೆ ಇಂಚಿಗಿಂತಲೂ ದಪ್ಪದ ಗಟ್ಟಿ ಉಕ್ಕಿನ ಹಲಗೆ, ಅದರೊಳಗೆ ಇನ್ನೊಂದು ಪದರ, ಚಳಿ ತಡೆಯಲು ಕಾರ್ಕ್. ಎಲ್ಲವನ್ನೂ ಬೆಸುಗೆ ಹಾಕಿ ಕೂಡಿಸಿದ್ದು. ಅದೇ ಕಾಲದಲ್ಲಿ ಬೆಸುಗೆ ಹಾಕಿ ಕಟ್ಟಿದ ಬೇರೆ ಹಡಗುಗಳು ಚಳಿಗೆ ಬಿರುಕು ಬಿಡುತ್ತಿದ್ದವು. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ಟ್ಯಾಂಕರ್ ಪೋರ್ಟ್‌ಲ್ಯಾಂಡ್ ಊರಿನಲ್ಲಿ ಕಟ್ಟೆಗೆ ಕಟ್ಟಿಹಾಕಿ ನಿಂತಲ್ಲೇ ಎರಡು ಹೋಳಾಯಿತು. ಹೀಗಿರುವಾಗ, ಚಳಿಯಲ್ಲೇ ಬದುಕಬೇಕಾದ, ದಿನಾ ಗುದ್ದಾಡಬೇಕಾದ ಹಡಗನ್ನು ಬೆಸುಗೆಯಲ್ಲೇ ಕಟ್ಟುತ್ತೇವೆ ಎಂದು ಹೊರಟವರ ಧೈರ್ಯ ದೊಡ್ಡದು. ಕೈಯೂ ಅಷ್ಟೇ ಪಳಗಿತ್ತು.

ನಕ್ಷೆಯಲ್ಲಿ ತಪ್ಪೇ ಇರಲಿಲ್ಲ ಅಂತಲ್ಲ. ಬಾಲ್ಟಿಕ್ ಸಮುದ್ರದ ಹಡಗುಗಳನ್ನು ನೋಡಿ ಮೂತಿಯ ಕೆಳಗೂ ಒಂದು ಪ್ರೊಪೆಲ್ಲರ್ ಇಟ್ಟಿದ್ದರು. ಅದು ಮಂಜುಗಡ್ಡೆಯ ಅಡಿಯಿಂದ ನೀರನ್ನು ಎಳೆದು ಅದನ್ನು ಸಡಿಲ ಮಾಡುತ್ತದೆ, ಹಡಗಿನ ಮೈಗೆ ನೀರು ಹರಿಸಿ ಜಾರುವಂತೆ ಮಾಡುತ್ತದೆ. ಒಂದು ಚಳಿಗಾಲಕ್ಕಷ್ಟೇ ಕಟ್ಟಿ ಕರಗುವ ತೆಳು ಮಂಜುಗಡ್ಡೆಗೆ ಇದು ಸರಿ. ಧ್ರುವದ ಕಡೆಯ ಮಂಜುಗಡ್ಡೆ ವರ್ಷಾನುಗಟ್ಟಲೆ ಹಳೆಯದು, ಬಂಡೆಯಂಥದು. ಅಲ್ಲಿ ಮೂತಿಯ ಪ್ರೊಪೆಲ್ಲರಿನ ರೆಕ್ಕೆ ಮುರಿಯುವುದೇ ಸೈ. ಪುಣ್ಯಕ್ಕೆ ಅದನ್ನು ಬಿಚ್ಚಿ ತೆಗೆಯಲು ಬರುವಂತೆ ಮಾಡಿದ್ದರು. ತೆಗೆದೇ ಇಟ್ಟರು.

ಅದೇ ಕುಟುಂಬದ ಇನ್ನೊಂದು ಹಡಗು ಮ್ಯಾಕಿನಾ. ಅದರಲ್ಲಿ ಮಾತ್ರ ಮೂತಿಯ ಪ್ರೊಪೆಲ್ಲರ್ ಕೊನೆಯವರೆಗೂ ಉಳಿಯಿತು, ಯಾಕೆಂದರೆ ಅದು ಇದ್ದದ್ದು ಅಮೆರಿಕದ ಮಹಾ ಸರೋವರಗಳಲ್ಲಿ. ಮಿನೆಸೋಟದ ಕಬ್ಬಿಣದ ಅದಿರು ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿದ್ದದ್ದೇ ಈ ಸರೋವರಗಳ ಮೇಲೆ. ಚಳಿಗಾಲದಲ್ಲಿ ನೀರು ಕಟ್ಟಿದರೆ ಅದಿರು ನಿಲ್ಲುತ್ತದೆ, ಅದಿರು ನಿಂತರೆ ಟ್ಯಾಂಕು, ಹಡಗು ಎಲ್ಲವೂ ತಡ. ನೀರಿನ ಆಳ ಕಡಿಮೆ ಅಂತ ಈ ಹಡಗನ್ನು 74 ಅಡಿ ಅಗಲ ಮಾಡಿದರು. ಸಮುದ್ರಕ್ಕೆ ಹೋಗುವ ಆಗಿನ ಕಾಲುವೆಗಳಲ್ಲಿ ಅದು ಹಿಡಿಸುತ್ತಲೇ ಇರಲಿಲ್ಲ. ಹುಟ್ಟಿದಲ್ಲೇ ದುಡಿದು ಅಲ್ಲೇ ಮುಗಿಯಲಿ ಎಂದು ಗೊತ್ತಿದ್ದೇ ಕಟ್ಟಿದ್ದು. 1944ರ ಡಿಸೆಂಬರ್‌ನಿಂದ 2006ರವರೆಗೆ ದುಡಿಯಿತು. ಈಗ ಮ್ಯಾಕಿನಾ ಸಿಟಿಯಲ್ಲಿ ಮ್ಯೂಸಿಯಂ ಆಗಿ ನಿಂತಿದೆ.

ಮೂರು ಗುಂಡು

ವಿಂಡ್ ಹಡಗುಗಳನ್ನು ಕಟ್ಟಿದ್ದು ಹೆಸರುವಾಸಿ ನೌಕಾ ಕಾರ್ಖಾನೆ ಅಲ್ಲ. ಲಾಸ್ ಏಂಜಲೀಸ್ ಹತ್ತಿರದ ಸ್ಯಾನ್ ಪೆಡ್ರೋದಲ್ಲಿದ್ದ ವೆಸ್ಟರ್ನ್ ಪೈಪ್ ಅಂಡ್ ಸ್ಟೀಲ್ ಕಂಪನಿ. ಹೆಸರೇ ಹೇಳುವಂತೆ ದೊಡ್ಡ ದೊಡ್ಡ ಉಕ್ಕಿನ ಪೈಪು ಮಾಡುತ್ತಿದ್ದವರು. ದಪ್ಪ ತಗಡನ್ನು ಬಗ್ಗಿಸುವುದು, ಬೆಸೆಯುವುದು ಅವರಿಗೆ ಗೊತ್ತಿತ್ತು. 1941ರ ನವೆಂಬರ್‌ನಲ್ಲಿ ಕರಾರು. 1942ರ ಜೂನ್‌ನಲ್ಲಿ ಮೊದಲ ಹಡಗಿನ ತಳ ಹಾಕಿದರು. 1944ರ ಫೆಬ್ರವರಿಗೆ ಅದು ಸೇವೆಗೆ ಸೇರಿತು. ಎರಡೂಕಾಲು ವರ್ಷ. ಒಂದೊಂದಕ್ಕೆ ತಗುಲಿದ್ದು ಸುಮಾರು 1 ಕೋಟಿ ಡಾಲರ್. ಅದೇ ನಕ್ಷೆಯಲ್ಲಿ, ಅದೇ ಯಾರ್ಡ್‌ನಲ್ಲಿ, ಒಂದರ ಹಿಂದೆ ಒಂದು ಒಟ್ಟು ಏಳು ಹಡಗು ಕಟ್ಟಿದರು. ಕೊನೆಯ ಎರಡು ನೌಕಾಪಡೆಗೆ ಹೋದವು.

ಈಸ್ಟ್‌ವಿಂಡ್ ಸೇವೆಗೆ ಸೇರಿದ್ದು 1944ರ ಜೂನ್‌ನಲ್ಲಿ. ನಾಲ್ಕು ತಿಂಗಳಿಗೇ ಪರೀಕ್ಷೆ ಬಂತು. ಅಕ್ಟೋಬರ್ 4ರಂದು ಕ್ಯಾಪ್ಟನ್ ಚಾರ್ಲ್ಸ್ ಥಾಮಸ್ ಅವರ ಈ ಹಡಗಿನ ತಂಡ ಗ್ರೀನ್‌ಲ್ಯಾಂಡಿನ ಈಶಾನ್ಯದ ಲಿಟಲ್ ಕೋಲ್ಡವೈ ದ್ವೀಪದಲ್ಲಿ ಇಳಿದು ಜರ್ಮನ್ ಹವಾಮಾನ ಕೇಂದ್ರವನ್ನು ಹಿಡಿಯಿತು. ಅಲ್ಲಿದ್ದ 12 ಜನ ಸೆರೆ ಸಿಕ್ಕರು. ಅವರನ್ನು ಅಲ್ಲಿ ಇಳಿಸಿ ಹೋದ ಹಡಗು ಇನ್ನೂ ಅಲ್ಲೇ ಎಲ್ಲೋ ಇರಬೇಕಲ್ಲ?

ಈಸ್ಟ್‌ವಿಂಡ್ ತನ್ನ ಜೊತೆ ಒಂದು ಪುಟ್ಟ ಸಮುದ್ರ ವಿಮಾನ ಇಟ್ಟುಕೊಂಡಿತ್ತು. ಅದು ಹಾರಾಡುತ್ತಾ ಮಂಜುಗಡ್ಡೆಯ ನಡುವೆ ನಿಂತ ಒಂದು ಹಡಗನ್ನು ಕಂಡಿತು. ಎಕ್ಸ್‌ಟರ್ನ್‌ಸ್ಟೈನೆ. ಬಿಳಿಯ ನಡುವೆ ಅಡಗಿ ಕುಳಿತ ಶಸ್ತ್ರಸಜ್ಜಿತ ಟ್ರಾಲರ್, ಅಂದರೆ ಮೀನು ಹಿಡಿಯುವ ಬಗೆಯ ಹಡಗು. ಅಕ್ಟೋಬರ್ 15ರ ರಾತ್ರಿ ಈಸ್ಟ್‌ವಿಂಡ್ ಕತ್ತಲಲ್ಲಿ ಮಂಜುಗಡ್ಡೆ ಒಡೆಯುತ್ತಾ ಹತ್ತಿರ ಬಂತು. ಸೌತ್‌ವಿಂಡ್ ಕೂಡ ಸಹಾಯಕ್ಕೆ ಇತ್ತು. 5 ಇಂಚಿನ ಫಿರಂಗಿಯಿಂದ ಮೂರು ಸುತ್ತು. ಒಂದು ಗುರಿಯಿಂದ ಈಚೆ, ಒಂದು ಆಚೆ, ಒಂದು ಮೂತಿಯ ಮುಂದೆ. ಹಡಗನ್ನು ಮುಳುಗಿಸುವುದಕ್ಕಿಂತ ಹಿಡಿಯುವುದು ಮುಖ್ಯವಾಗಿತ್ತು. ಎದುರಿನಿಂದ ದೀಪ ಮಿಣುಕಿತು: ನಾವು ಶರಣಾದೆವು.

ಆ ಜರ್ಮನ್ನರಿಗೆ ಓಡಲು ದಾರಿಯೇ ಇರಲಿಲ್ಲ ಅನ್ನುವುದನ್ನು ಗಮನಿಸಿ. ಯಾವ ಮಂಜುಗಡ್ಡೆ ತಮ್ಮನ್ನು ಕಾಯುತ್ತದೆ ಎಂದು ಅವರು ನೆಚ್ಚಿಕೊಂಡಿದ್ದರೋ ಅದೇ ಅವರನ್ನು ಕಟ್ಟಿಹಾಕಿತ್ತು. ಎದುರಾಳಿಯ ಹಡಗು ಮಾತ್ರ ಅದರೊಳಗೇ ನಡೆದು ಬರುತ್ತಿತ್ತು. ಇಡೀ ಯುದ್ಧದಲ್ಲಿ ಸಮುದ್ರದ ಮೇಲೆ ಅಮೆರಿಕನ್ನರು ಜೀವಂತವಾಗಿ ಹಿಡಿದ ಜರ್ಮನ್ ನೌಕಾಪಡೆಯ ಒಂದೇ ಮೇಲ್ಮೈ ಹಡಗು ಇದು. ಹಿಡಿದವರು ಅದಕ್ಕೆ ಪ್ರೀತಿಯಿಂದ ಈಸ್ಟ್‌ಬ್ರೀಜ್ ಅಂತ ಹೆಸರಿಟ್ಟು, ಬಾಸ್ಟನ್ ತನಕ ನಡೆಸಿಕೊಂಡು ಹೋದರು.

ವಿಂಡ್ ಹಡಗುಗಳಲ್ಲಿ ಮೂರನ್ನು ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಎರವಲು ಕೊಟ್ಟಿತು. ಉತ್ತರದ ಸಮುದ್ರ ದಾರಿ ತೆರೆದಿಡಲು ಅವರಿಗೆ ಬೇಕಿತ್ತು. ಶೀತಲ ಸಮರ ಶುರುವಾದ ಮೇಲೆ ವಾಪಸ್ ಪಡೆಯಲು ಒದ್ದಾಡಬೇಕಾಯಿತು. ಅವು ಮರಳಿದ್ದು 1949ರಿಂದ 1951ರ ನಡುವೆ. ಈಸ್ಟ್‌ವಿಂಡ್‌ಗೆ ದೊಡ್ಡ ಪೆಟ್ಟು ಬಿದ್ದದ್ದು ಯುದ್ಧದಲ್ಲಲ್ಲ, ಶಾಂತಿಯ ಕಾಲದಲ್ಲಿ. 1949ರ ಜನವರಿಯಲ್ಲಿ ನ್ಯೂಜೆರ್ಸಿಯ ತೀರದಾಚೆ ಗಲ್ಫ್‌ಸ್ಟ್ರೀಮ್ ಎಂಬ ಟ್ಯಾಂಕರಿಗೂ ಅದಕ್ಕೂ ಡಿಕ್ಕಿಯಾಗಿ ಬೆಂಕಿ ಹತ್ತಿತು. 13 ಜನ ಸತ್ತರು. ಆದರೂ ಹಡಗನ್ನು ರಿಪೇರಿ ಮಾಡಿ ಮತ್ತೆ ಕೆಲಸಕ್ಕೆ ಹಚ್ಚಿದರು. 1960-61ರಲ್ಲಿ ಅದು ಭೂಮಿಯನ್ನೇ ಒಂದು ಸುತ್ತು ಹಾಕಿ ಬಂತು. ಮೊದಲ ನಾರ್ತ್‌ವಿಂಡ್ ಸೋವಿಯತ್ತಿಗೆ ಹೋದ ಮೇಲೆ ಅದೇ ಹೆಸರು ಪಡೆದ ಎರಡನೇ ನಾರ್ತ್‌ವಿಂಡ್ 1989ರವರೆಗೂ ದುಡಿಯಿತು. ಯುದ್ಧದ ತುರ್ತಿಗೆ ಹಾಕಿದ ನಕ್ಷೆ ನಾಲ್ಕು ದಶಕ ದಾಟಿ ಬಾಳಿತು.

ಎಲ್ಲರಿಗೂ ಬೇಕು, ಯಾರ ಬಜೆಟ್ಟೂ ಅಲ್ಲ

ಹಾಗಾದರೆ ಕೊಂಡಿ ಕಳಚಿದ್ದೆಲ್ಲಿ?

1960ರ ದಶಕದಲ್ಲಿ ನೌಕಾಪಡೆ ತನ್ನ ಐಸ್‌ಬ್ರೇಕರ್‌ಗಳನ್ನೆಲ್ಲ ಕೋಸ್ಟ್ ಗಾರ್ಡ್‌ಗೆ ಒಪ್ಪಿಸಿ ಕೈ ತೊಳೆದುಕೊಂಡಿತು. ಒಂದೇ ಇಲಾಖೆ ನೋಡಿಕೊಂಡರೆ ಅಚ್ಚುಕಟ್ಟು ಅಂತ ಆಗ ಅನಿಸಿರಬೇಕು. ಆದರೆ ಕೋಸ್ಟ್ ಗಾರ್ಡ್‌ನ ಜೇಬು ಸಣ್ಣದು. ಐಸ್‌ಬ್ರೇಕರ್‌ನಿಂದ ಲಾಭ ಆಗುವುದು ಅಂಟಾರ್ಕ್ಟಿಕಾದ ವಿಜ್ಞಾನಿಗಳಿಗೆ, ಸೈನ್ಯಕ್ಕೆ, ವ್ಯಾಪಾರಕ್ಕೆ. ಖರ್ಚು ಮಾತ್ರ ಕೋಸ್ಟ್ ಗಾರ್ಡ್‌ದು. 2006ರ ಹೊತ್ತಿಗೆ ಈ ಹಡಗುಗಳ ಖರ್ಚಿನ ಹಣವನ್ನು ವಿಜ್ಞಾನ ಸಂಸ್ಥೆಯ ಬಜೆಟ್ಟಿಗೆ ವರ್ಗಾಯಿಸಿ ನೋಡಿದರು. ಸಂಶೋಧನೆಗೆ ಇಟ್ಟ ಹಣದಲ್ಲಿ ಹಳೆಯ ಹಡಗಿನ ರಿಪೇರಿ ಮಾಡಿಸಲು ಯಾರಿಗೆ ಮನಸ್ಸು ಬರುತ್ತದೆ? ಹಂಚಿಕೊಂಡ ಬಾವಿಯ ಹೂಳು ಎತ್ತುವವರು ಯಾರು ಅನ್ನುವ ಹಾಗಾಯಿತು.

ಹಡಗುಗಳ ಲೆಕ್ಕ ನೋಡಿ. ವಿಂಡ್‌ಗಳ ಜಾಗಕ್ಕೆ 1976ರಲ್ಲಿ ಪೋಲಾರ್ ಸ್ಟಾರ್, 1978ರಲ್ಲಿ ಪೋಲಾರ್ ಸೀ ಬಂದವು. ಎರಡೂ ಸಿಯಾಟಲ್‌ನ ಲಾಕ್‌ಹೀಡ್ ಯಾರ್ಡ್‌ನಲ್ಲಿ ಕಟ್ಟಿದ್ದು. ಆ ಮೇಲೆ ಇಪ್ಪತ್ತು ವರ್ಷ ಏನೂ ಇಲ್ಲ. 1990ರ ದಶಕದ ಕೊನೆಗೆ ನ್ಯೂ ಆರ್ಲಿಯನ್ಸ್‌ನ ಆವಂಡೇಲ್‌ನಲ್ಲಿ ಹೀಲಿ ಎಂಬ ಮಧ್ಯಮ ಗಾತ್ರದ ಹಡಗು. ಮತ್ತೆ ಖಾಲಿ.

ಈಗ ಆ ಯಾರ್ಡ್‌ಗಳ ಗತಿ ನೋಡಿ. ಸ್ಯಾನ್ ಪೆಡ್ರೋದ ಯಾರ್ಡ್ ಇಲ್ಲ. ಸಿಯಾಟಲ್‌ನ ಯಾರ್ಡ್ 1980ರ ದಶಕದ ಕೊನೆಗೆ ಮುಚ್ಚಿತು. ಆವಂಡೇಲ್ 2014ರಲ್ಲಿ ಬಾಗಿಲು ಹಾಕಿತು. ಮ್ಯಾಕಿನಾ ಮತ್ತು ಮೊದಲ ಸ್ಟೋರಿಸ್ ಎರಡನ್ನೂ ಕಟ್ಟಿದ ಟೊಲೀಡೋ ಕಂಪನಿ, ಮ್ಯಾಕಿನಾ ತಡವಾದದ್ದಕ್ಕೆ ಬಿದ್ದ ದಂಡದ ಹೊರೆ ತಾಳಲಾರದೆ ಆಗಲೇ ದಿವಾಳಿಯಾಗಿತ್ತು. ಅಂದರೆ ದಪ್ಪ ಉಕ್ಕನ್ನು ಎಷ್ಟು ಕಾಯಿಸಬೇಕು, ಯಾವ ಕ್ರಮದಲ್ಲಿ ಬೆಸೆದರೆ ಸೊಟ್ಟಗಾಗುವುದಿಲ್ಲ ಎಂದು ಮೈಯಲ್ಲೇ ಕಲಿತ ಒಂದೊಂದು ತಲೆಮಾರೂ ಒಂದೆರಡು ಹಡಗು ಕಟ್ಟಿ ಮನೆಗೆ ಹೋಯಿತು. ಕಲಿಸಲು ಮುಂದಿನವರೇ ಇರಲಿಲ್ಲ. ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ನೋವು ಕೊಡುವ ಭಾಗ ಇದು. ನಕ್ಷೆಯನ್ನು ಕಪಾಟಿನಲ್ಲಿ ಇಡಬಹುದು. ಕೈಗುಣವನ್ನು ಇಡಲು ಬರುವುದಿಲ್ಲ.

ಅದರ ಫಲ ಕೋಸ್ಟ್ ಗಾರ್ಡ್‌ಗೆ ಹೊಸ ದೊಡ್ಡ ಐಸ್‌ಬ್ರೇಕರ್ ಕಟ್ಟುವ ಪೋಲಾರ್ ಸೆಕ್ಯುರಿಟಿ ಕಟರ್ ಯೋಜನೆಯಲ್ಲಿ ಕಾಣುತ್ತಿದೆ. 2019ರ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿಯ ಒಂದು ಯಾರ್ಡ್‌ಗೆ ಕರಾರು ಕೊಟ್ಟರು. ಮೊದಲ ಹಡಗು 2024ಕ್ಕೆ ಬರಬೇಕಿತ್ತು. ಈಗ ಹೇಳುತ್ತಿರುವುದು 2030. ನಡುವೆ ಯಾರ್ಡ್‌ನ ಮಾಲೀಕತ್ವವೇ ಬದಲಾಯಿತು. ವಿವರವಾದ ನಕ್ಷೆ ಮುಗಿಯಲೇ ವರ್ಷಗಟ್ಟಲೆ ಹಿಡಿಯಿತು. ಮೂರು ಹಡಗಿಗೆ 510 ಕೋಟಿ ಡಾಲರ್ ಬೇಕಾಗಬಹುದು ಎಂದು ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ 2024ರಲ್ಲಿ ಅಂದಾಜು ಮಾಡಿತು. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಹೊಸ ಹಡಗು ವಿಂಡ್‌ಗಿಂತ ಮೂರು ಪಟ್ಟಿಗೂ ಜಾಸ್ತಿ ತೂಕದ್ದು, ಒಳಗಿನ ಯಂತ್ರಗಳೂ ಬಹಳ ಜಟಿಲ. ಯುದ್ಧದ ಕಾಲದಲ್ಲಿ ಉಕ್ಕು, ಜನ, ಹಣ ಎಲ್ಲವೂ ಕೇಳಿದ ಕೂಡಲೇ ಬರುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗದು. ಆದರೂ 2019ರಿಂದ 2030 ಅಂದರೆ ಹನ್ನೊಂದು ವರ್ಷ. ಗಾತ್ರ ಒಂದೇ ಇದಕ್ಕೆ ಕಾರಣ ಎಂದು ನಾನು ಒಪ್ಪುವುದಿಲ್ಲ.

ಅತ್ತ ರಷ್ಯಾ ಎಂದೂ ನಿಲ್ಲಿಸಲಿಲ್ಲ. ಎರವಲು ಹಡಗು ವಾಪಸ್ ಕೊಟ್ಟ ಮೇಲೆ ಫಿನ್ಲೆಂಡಿನಿಂದ ಕಟ್ಟಿಸಿಕೊಂಡರು, 1959ರಲ್ಲಿ ಲೆನಿನ್ ಎಂಬ ಅಣುಶಕ್ತಿಯ ಐಸ್‌ಬ್ರೇಕರನ್ನೇ ಸೇವೆಗೆ ತಂದರು. ಇಂದು ಅವರ ಬಳಿ ಸಣ್ಣದು ದೊಡ್ಡದು ಸೇರಿ ಸುಮಾರು 40 ಐಸ್‌ಬ್ರೇಕರ್‌ಗಳಿವೆ, ಅದರಲ್ಲಿ ಎಂಟು ಅಣುಶಕ್ತಿಯವು. ಚೀನಾ 2019ರಲ್ಲಿ ಸ್ವಂತ ನೆಲದಲ್ಲಿ ಕಟ್ಟಿದ ಶ್ಯುಯೆಲೋಂಗ್ 2 ಹಡಗನ್ನು ಸೇವೆಗೆ ತಂದಿತು.

ಮಂಜುಗಡ್ಡೆ ಕರಗುತ್ತಿದೆಯಲ್ಲ, ಇನ್ನು ಇಂಥ ಹಡಗು ಯಾಕೆ ಅಂತ ಅನೇಕರು ಕೇಳುತ್ತಾರೆ. ಸಹಜವಾದ ಪ್ರಶ್ನೆ. ಆದರೆ ಕರಗಿದಷ್ಟೂ ಆ ಕಡೆ ಹೋಗುವ ಹಡಗುಗಳು ಹೆಚ್ಚುತ್ತವೆ. ಗಟ್ಟಿಯಾಗಿ ಒಂದೆಡೆ ನಿಂತಿದ್ದ ಮಂಜುಗಡ್ಡೆ ಒಡೆದು ತೇಲಾಡತೊಡಗುತ್ತದೆ, ಎಲ್ಲಿ ಬಂದು ಹಿಂಡುತ್ತದೋ ಹೇಳಲಾಗದು. ಸಿಕ್ಕಿಬಿದ್ದವರನ್ನು ಬಿಡಿಸಲು ಯಾರಾದರೂ ಬೇಕೇ ಬೇಕು. ಚಳಿಗಾಲವಂತೂ ಈಗಲೂ ಬರುತ್ತದೆ.

ಮತ್ತೆ ಯುರೋಪಿನ ಕಡೆಗೆ

2024ರ ಜುಲೈನಲ್ಲಿ ಅಮೆರಿಕ, ಕೆನಡಾ, ಫಿನ್ಲೆಂಡ್ ಸೇರಿ ಐಸ್‌ಬ್ರೇಕರ್ ಕಟ್ಟುವ ಒಪ್ಪಂದ ಘೋಷಿಸಿದವು. 2025ರಲ್ಲಿ ಅಮೆರಿಕ ಸಂಸತ್ತು ಈ ಹಡಗುಗಳಿಗೆ ನೂರಾರು ಕೋಟಿ ಡಾಲರ್ ಎತ್ತಿಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಮತ್ತು ಫಿನ್ಲೆಂಡಿನ ಅಧ್ಯಕ್ಷ ಸ್ಟುಬ್ ಸಹಿ ಹಾಕಿದರು. ಮಧ್ಯಮ ಗಾತ್ರದ 11 ಹಡಗುಗಳಲ್ಲಿ ಮೊದಲ ನಾಲ್ಕು ಫಿನ್ಲೆಂಡಿನಲ್ಲಿ, ಉಳಿದ ಏಳು ಅಲ್ಲಿ ಕಲಿತ ವಿದ್ಯೆಯಿಂದ ಅಮೆರಿಕದಲ್ಲಿ ಅನ್ನುವುದು ಲೆಕ್ಕ. ಕೋಸ್ಟ್ ಗಾರ್ಡ್ ಹಡಗನ್ನು ಹೊರದೇಶದಲ್ಲಿ ಕಟ್ಟಿಸಬಾರದು ಎಂಬ ಕಾನೂನಿದೆ. ದೇಶದ ಭದ್ರತೆಯ ಕಾರಣ ಕೊಟ್ಟು ಅದಕ್ಕೆ ವಿನಾಯಿತಿ ಮಾಡಿದರು.

ಫಿನ್ಲೆಂಡೇ ಯಾಕೆ? ಕಡು ಚಳಿಗಾಲದಲ್ಲಿ ಆ ದೇಶದ ಬಂದರುಗಳೆಲ್ಲ ಹೆಪ್ಪುಗಟ್ಟುತ್ತವೆ. ಐಸ್‌ಬ್ರೇಕರ್ ಇಲ್ಲದಿದ್ದರೆ ಅಂಗಡಿಗೆ ಸಾಮಾನು ಬರುವುದಿಲ್ಲ. ಜಗತ್ತಿನ ಐಸ್‌ಬ್ರೇಕರ್‌ಗಳಲ್ಲಿ ಸುಮಾರು 80% ತಮ್ಮ ಕಂಪನಿಗಳ ವಿನ್ಯಾಸ, ಸುಮಾರು 60% ತಮ್ಮಲ್ಲೇ ಕಟ್ಟಿದ್ದು ಎಂದು ಫಿನ್ಲೆಂಡಿನವರು ಹೇಳುತ್ತಾರೆ. ಜನಸಂಖ್ಯೆ ಬೆಂಗಳೂರಿನ ಅರ್ಧಕ್ಕಿಂತಲೂ ಕಡಿಮೆ. ಅವರ ಗುಟ್ಟು ಒಂದೇ, ಕೆಲಸ ಬಿಡದೆ ಮಾಡಿಕೊಂಡು ಬಂದದ್ದು. ಥೀಲೆ ಸ್ವೀಡನ್ನಿನ ಹಡಗು ನೋಡಿ ಬಂದ ಹಾಗೆಯೇ ಈಗ ಮತ್ತೆ ಅಮೆರಿಕನ್ನರು ಬಾಲ್ಟಿಕ್ ತೀರಕ್ಕೆ ಹೋಗುತ್ತಿದ್ದಾರೆ. ಅದರಲ್ಲಿ ಅವಮಾನ ಏನೂ ಇಲ್ಲ, ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. 1940ರ ದಶಕದಲ್ಲಿ ಕಲಿತವರು ಅದೇ ನಕ್ಷೆಯಲ್ಲಿ ಏಳು ಹಡಗು ಕಟ್ಟಿದರು. ಈ ಸಲ ನಾಲ್ಕು ಕೊಂಡ ಮೇಲೆ ಉಳಿದ ಏಳು ನಿಜಕ್ಕೂ ಅಮೆರಿಕದ ಯಾರ್ಡ್‌ಗಳಲ್ಲಿ ಏಳುತ್ತವೆಯೇ, ಹನ್ನೆರಡನೆಯದಕ್ಕೆ ಆರ್ಡರ್ ಇರುತ್ತದೆಯೇ ಎಂಬುದನ್ನು ನಾನು ಕಾದು ನೋಡುತ್ತಿದ್ದೇನೆ.

ನಮಗೂ ಇದರಲ್ಲಿ ಪಾಲಿದೆ. 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟ ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಹೋದದ್ದು ನಾರ್ವೆಯ ಬಾಡಿಗೆ ಹಡಗಿನಲ್ಲಿ. ಅಂದಿನಿಂದ ಮೈತ್ರಿ, ಭಾರತಿ ಎಂಬ ಎರಡು ನಿಲ್ದಾಣ ನಡೆಸುವಷ್ಟು ಬೆಳೆದಿದ್ದೇವೆ, ಆದರೆ ಹೋಗಿಬರಲು ಇವತ್ತಿಗೂ ಬಾಡಿಗೆ ಹಡಗೇ. 2025ರ ಜೂನ್‌ನಲ್ಲಿ ಕೋಲ್ಕತ್ತಾದ ಗಾರ್ಡನ್ ರೀಚ್ ಕಂಪನಿ ನಾರ್ವೆಯ ಕೋಂಗ್ಸ್‌ಬರ್ಗ್ ಜೊತೆ ಧ್ರುವ ಸಂಶೋಧನಾ ಹಡಗಿನ ವಿನ್ಯಾಸಕ್ಕೆ ಒಪ್ಪಂದ ಮಾಡಿಕೊಂಡಿದೆ. ಗೊತ್ತಿದ್ದವರಿಂದ ಕಲಿತು ನಮ್ಮ ಯಾರ್ಡ್‌ನಲ್ಲಿ ಕಟ್ಟುವ ದಾರಿ ಇದು. ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ. ಒಂದೇ ಹಡಗಿಗೆ ನಿಲ್ಲಿಸಿದರೆ ಸಿಯಾಟಲ್‌ನಲ್ಲಿ ಆದದ್ದೇ ಕೋಲ್ಕತ್ತಾದಲ್ಲೂ ಆಗುತ್ತದೆ ಅನ್ನುವ ಆತಂಕವೂ ಇದೆ.

ಹೊಸ ಹಡಗುಗಳು ಬರುವ ತನಕ ಅಮೆರಿಕದ ಭಾರ ಹೆಚ್ಚಾಗಿ ಪೋಲಾರ್ ಸ್ಟಾರ್ ಮೇಲೆ. 2026ಕ್ಕೆ ಅದಕ್ಕೆ 50 ವರ್ಷ. ಅದರ ಅವಳಿ ಪೋಲಾರ್ ಸೀ 2010ರಲ್ಲಿ ಎಂಜಿನ್ ಕೆಟ್ಟು ನಿಂತಿತು, ಈಗ ಅದರ ಭಾಗಗಳನ್ನು ಒಂದೊಂದಾಗಿ ಬಿಚ್ಚಿ ಇದಕ್ಕೆ ಜೋಡಿಸುತ್ತಾರೆ. ಪ್ರತಿ ವರ್ಷ ಸಿಯಾಟಲ್‌ನಿಂದ ಹೊರಟು, ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ನಿಲ್ದಾಣಕ್ಕೆ ಸರಕಿನ ಹಡಗು ಹೋಗಲು ದಾರಿ ಒಡೆದುಕೊಟ್ಟು, ರಿಪೇರಿಗೆ ಡ್ರೈ ಡಾಕ್‌ಗೆ ಬಂದು ಸೇರುತ್ತದೆ. ಸಿಬ್ಬಂದಿಗೆ ಮನೆಯ ಮುಖ ನೋಡಲು ಸಿಗುವ ದಿನಗಳು ಕಡಿಮೆ. ಬೇಸಿಗೆಯಿಡೀ ಮೋಟರು, ವೈರು, ಪೈಪು ಬಿಚ್ಚಿ ರಿಪೇರಿ. ನವೆಂಬರ್ ಬಂದರೆ ಮತ್ತೆ ದಕ್ಷಿಣಕ್ಕೆ ಪ್ರಯಾಣ.